ತವರಿಗೆ ಹೊರಟಾಗ ಕರಿಯನೂ ಜೊತೆಗೆ

ನಾವಿರುವುದು ಬೆಂಗಳೂರು, ನನ್ನ ತವರು ತೀರ್ಥಹಳ್ಳಿ ಹತ್ತಿರ. ಸುಮಾರು 350 ಕಿ.ಮೀ. ದಾರಿ. ನಮ್ಮ ಕರಿಯ ಬೀದಿಯಿಂದ ಬಂದ ನಾಟಿ ನಾಯಿ. ರಜೆ ಬಂದರೆ ಅವನೂ ನಮ್ಮ ಜೊತೆಗೇ ಬರುತ್ತಾನೆ.

ಮೊದಲು ಅವನಿಗೆ ಕಾರು ಅಭ್ಯಾಸ ಮಾಡಿಸಿದೆವು. ನಿಂತ ಕಾರಿನೊಳಗೆ ಸುಮ್ನೆ ಕೂರಿಸಿ ತಿಂಡಿ ಕೊಡುವುದು, ಆಮೇಲೆ ಎಂಜಿನ್ ಶುರು ಮಾಡುವುದು, ಆಮೇಲೆ ಬೀದಿ ಕೊನೆಯವರೆಗೆ, ಕೊನೆಗೆ ನೆಲಮಂಗಲದವರೆಗೆ ಹೋಗಿ ಬರುವುದು. ಜಾಗ ಯಾವಾಗಲೂ ಹಿಂದಿನ ಸೀಟು. ಎದೆಗೆ ಹಾಕುವ ಹಾರ್ನೆಸ್ಸನ್ನು ಸೀಟ್ ಬೆಲ್ಟಿಗೆ ಸಿಕ್ಕಿಸುತ್ತೇವೆ. ಕತ್ತಿನ ಪಟ್ಟಿಗೆ ಸಿಕ್ಕಿಸಿದರೆ ಜೋರು ಬ್ರೇಕ್ ಹಾಕಿದಾಗ ಪೆಟ್ಟೆಲ್ಲ ಕತ್ತಿಗೇ.

ಹಿಂದಿನ ರಾತ್ರಿ ಹಗುರ ಊಟ, ಬೆಳಗ್ಗೆ ಬರೀ ನೀರು. ವಾಂತಿ ಮಾಡುವ ನಾಯಿಗೆ ಡಾಕ್ಟರೇ ಮಾತ್ರೆ ಬರೆದುಕೊಡುತ್ತಾರೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಬೇಡವೇ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ವಿಷವಾಗಬಹುದು.

ಅರಸೀಕೆರೆ, ಕಡೂರು ಕಡೆಯ ಬಿಸಿಲು ಏರುವ ಮೊದಲೇ ದಾಟಬೇಕು ಅಂತ ಕತ್ತಲಲ್ಲೇ ಹೊರಡುತ್ತೇವೆ. ಹೋಟೆಲ್ ಹಿಂದೆ ಕೋಳಿ ಮೂಳೆ, ಊರ ನಾಯಿಗಳ ಜಗಳ ಎರಡೂ ಇರುತ್ತವೆ. ಹಾಗಾಗಿ ಅವನನ್ನು ಇಳಿಸುವುದು ತಿಪಟೂರಿನ ಆಸುಪಾಸು, ಎಲ್ಲಾದರೂ ನೆರಳು ಕಂಡ ಕಡೆ. ಬಾಗಿಲು ತೆಗೆಯುವ ಮೊದಲೇ ಹಗ್ಗ ಕೈಯಲ್ಲಿರುತ್ತದೆ. ನಾವು ತಿಂಡಿಗೆ ಹೋದರೆ ಒಬ್ಬರು ಅವನ ಜೊತೆ ಹೊರಗೇ ಇರುತ್ತೇವೆ. ನಾಯಿ ನಮ್ಮ ಹಾಗೆ ಬೆವರುವುದಿಲ್ಲ, ತೇಕಿ ಮೈ ತಂಪು ಮಾಡಿಕೊಳ್ಳುತ್ತದೆ. ಗಾಜು ಸ್ವಲ್ಪ ಇಳಿಸಿಟ್ಟರೂ ಬಿಸಿಲಲ್ಲಿ ನಿಂತ ಕಾರು ಬೇಗ ಕಾಯುತ್ತದೆ, ಅಲ್ವಾ?

ರೈಲಿನ ಯೋಚನೆಯನ್ನೂ ಮಾಡಿದ್ದೆ. ಫಸ್ಟ್ ಎ.ಸಿ.ಯಲ್ಲಿ ಇಡೀ ಕೂಪೆ, ಅಂದರೆ ಬಾಗಿಲಿರುವ ಪುಟ್ಟ ಕೋಣೆ, ನಮಗೇ ಸಿಕ್ಕರೆ ಮಾತ್ರ ನಾಯಿ ಜೊತೆಗೆ ಬರಬಹುದು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ. ಬೇಡವೆನಿಸಿತು.

ಆದರೆ ನನ್ನ ಲೆಕ್ಕದಲ್ಲಿ ದಾರಿಗಿಂತ ಊರೇ ಜಾಸ್ತಿ ಅಪಾಯ. ಮೊದಲನೆಯದು ಉಣ್ಣಿ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಉಣ್ಣಿ ಮಾತ್ರೆ ಕೊಡಿಸುತ್ತೇನೆ. ರೇಬಿಸ್ ಜೊತೆಗೆ ಇಲಿ ಜ್ವರದ ಲಸಿಕೆಯ ತಾರೀಖನ್ನೂ ನೋಡುತ್ತೇನೆ, ಗದ್ದೆ ನೀರು ಕುಡಿಯದೆ ಅವನು ಬಿಡುವುದಿಲ್ಲ. ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುತ್ತಾ ಕೂತರೆ ಅಪ್ಪಯ್ಯನಿಗೆ ನಗು. "ನಾಯಿಗೆಲ್ಲ ಎಂಥ ಇಷ್ಟು ಉಪಚಾರ ಮಾರಾಯ್ತಿ?" ಅಂತಾರೆ. ಇದು ನಾಯಿಗೆ ಮಾತ್ರ ಅಲ್ಲ. ಉಣ್ಣಿಯಿಂದಲೇ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ.

ಮಳೆಗಾಲವಾದರೆ ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆದಿದ್ದಾರಾ ಅಂತ ಕೇಳಿಯೇ ತೋಟಕ್ಕೆ ಬಿಡುವುದು. ಅದರಲ್ಲಿ ಮೈಲುತುತ್ತ ಇರುತ್ತದೆ, ಗುಂಡಿಯ ನೀರು ನೆಕ್ಕಬಾರದು. ಬೇಲಿಯಾಚೆ ಹಂದಿಗೆ ಇಟ್ಟ ಉರುಳು, ಸಿಡಿಮದ್ದು ಇರಬಹುದು, ಹಾಗಾಗಿ ಹಗ್ಗ ಬಿಚ್ಚುವುದಿಲ್ಲ. ರಾತ್ರಿ ಚಿರತೆಯ ಭಯ. ಅಂಗಳದಲ್ಲಿ ಕಟ್ಟಿದ ನಾಯಿ ಅದಕ್ಕೆ ಸುಲಭದ ಊಟ. ಕರಿಯ ನಮ್ಮ ಕೋಣೆಯಲ್ಲೇ ಮಲಗುತ್ತಾನೆ. ಅಮ್ಮನಿಗೆ ಇದು ಅಷ್ಟು ಇಷ್ಟವಿಲ್ಲ.

ವಾಪಸು ಬಂದ ಮೇಲೂ ಉಣ್ಣಿ ಜ್ವರ ಬಂದೀತೇನೋ ಅಂತ ಎರಡು ಮೂರು ವಾರ ಗಮನ ಇಡುತ್ತೇನೆ. ಊಟ ಬಿಟ್ಟರೆ, ಒಸಡು ಬಿಳುಚಿದರೆ, ಉಚ್ಚೆ ಕೆಂಪಗೆ ಕಂಡರೆ ನಾಳೆ ನೋಡೋಣ ಅನ್ನುವ ಮಾತಿಲ್ಲ. ಅವತ್ತೇ ರಕ್ತ ಪರೀಕ್ಷೆ.