ಹತ್ತು ಸುತ್ತಿಗೊಂದು ಗೋಟಡಿಕೆ

ಶಿರಸಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಸುಟ್ಟ ಪಂಪು, ಅಡಿಕೆ ಸುಲಿಯುವ ಯಂತ್ರದ ಮೋಟಾರು, ಫ್ಯಾನು, ಮಿಕ್ಸಿ, ಎಲ್ಲ ಬರುತ್ತದೆ. 2009ರಲ್ಲಿ ಶುರು ಮಾಡಿದ್ದು. "ಅದೇ ತಂತಿ ಸುತ್ತಿ ಸುತ್ತಿ ಬೇಜಾರು ಬರೋದಿಲ್ವಾ?" ಅಂತ ಕೇಳುವವರಿದ್ದಾರೆ. ಬರುತ್ತದೆ. ಆದರೆ ಬೇಜಾರು ಬಂದ ದಿನವೂ ಲೆಕ್ಕ ತಪ್ಪುವಂತಿಲ್ಲ, ಅದೇ ಕಷ್ಟ.

ಮೋಟಾರಿನ ಒಳಗೆ ಇರುವುದು ತಾಮ್ರದ ತಂತಿಯ ಕಾಯಿಲು. ಒಂದು ಕಾಯಿಲಿಗೆ 52 ಸುತ್ತು, ಅದರ ಪಕ್ಕದ್ದಕ್ಕೆ 64, ಅದರಾಚೆಯದಕ್ಕೆ 78, ಹೀಗೆ ಇರುತ್ತದೆ. ಸುತ್ತು ಕಮ್ಮಿ ಬಿದ್ದರೆ ಮೋಟಾರು ಜಾಸ್ತಿ ಕರೆಂಟು ಎಳೆದು ಬಿಸಿಯಾಗುತ್ತದೆ. ಜಾಸ್ತಿ ಬಿದ್ದರೆ ಶಕ್ತಿ ಸಾಲುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಚಂದ ಕಾಣುತ್ತದೆ.

ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿತು, ಇದೇ ಊರಿನ ಹಳೆಯ ವೈಂಡಿಂಗ್ ಅಂಗಡಿಯೊಂದಕ್ಕೆ ಸೇರಿದ್ದೆ. ನನ್ನ ಜೊತೆಯವರೆಲ್ಲ ಬೆಂಗಳೂರಿನ ಬಸ್ಸು ಹತ್ತಿದ್ದರು. ಆ ಅಂಗಡಿಯಲ್ಲಿ ಮೊದಲ ನಾಲ್ಕು ತಿಂಗಳು ನನಗೆ ಹೊಸ ತಂತಿ ಮುಟ್ಟಲು ಕೊಡಲೇ ಇಲ್ಲ. ಸುಟ್ಟ ಮೋಟಾರು ಬಿಚ್ಚುವುದು, ಕಾಯಿಲಿನ ಒಂದು ಬದಿಯನ್ನು ಉಳಿಯಿಂದ ಕಡಿಯುವುದು, ಇನ್ನೊಂದು ಬದಿಯಿಂದ ಎಳೆಯುವುದು, ಎಳೆದ ತಂತಿ ಎಣಿಸುವುದು. ತಂತಿಯ ಮೇಲಿನ ಸುಟ್ಟ ಎನಾಮಲ್ಲಿನ ವಾಸನೆ ಊಟದ ಅನ್ನಕ್ಕೂ ಹತ್ತಿದ ಹಾಗೆ ಆಗುತ್ತಿತ್ತು. ನಾನು ಎಣಿಸಿ ಹೇಳಿದ್ದನ್ನು ಯಜಮಾನರು ಮತ್ತೆ ಎಣಿಸುತ್ತಿದ್ದರು. ಒಂದು ತಂತಿ ವ್ಯತ್ಯಾಸ ಬಂದರೂ ಬೈಯುತ್ತಿರಲಿಲ್ಲ, ಇಡೀ ಕಟ್ಟನ್ನು ನನ್ನ ಕಡೆ ತಳ್ಳುತ್ತಿದ್ದರು, ಅಷ್ಟೇ.

ಕೈಯಿಂದ ತಿರುಗಿಸಿ ತಂತಿ ಸುತ್ತುವ ಅವರ ಯಂತ್ರಕ್ಕೆ ಸುತ್ತು ಎಣಿಸುವ ಮೀಟರ್ ಇರಲಿಲ್ಲ. ಪಕ್ಕದಲ್ಲಿ ಎರಡು ಬಟ್ಟಲು. ಹತ್ತು ಸುತ್ತಾದರೆ ಎಡಗೈಯಿಂದ ಒಂದು ಗೋಟಡಿಕೆಯನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕುವುದು. ಯಾರೇ ಬಂದು ಮಾತಾಡಿಸಿದರೂ ಕಾಯಿಲು ಮುಗಿಯುವ ತನಕ ಅವರು ತಲೆ ಎತ್ತಿದ್ದನ್ನು ನಾನು ನೋಡಿಲ್ಲ. ಗಿರಾಕಿ ಸಿಟ್ಟು ಮಾಡಿಕೊಂಡು ಹೋದದ್ದೂ ಇದೆ. ಮುಗಿಸಿ ಎದ್ದು, "ಈಗ ಹೇಳಿ" ಅನ್ನುತ್ತಿದ್ದರು, ಖಾಲಿ ಬಾಗಿಲಿಗೆ.

ನನ್ನದೇ ಅಂಗಡಿ ಹಾಕಿದ ಮೇಲೆ ಈ ಬುದ್ಧಿಯೆಲ್ಲ ಸ್ವಲ್ಪ ದಿನ ಮರೆತೇಹೋಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಪಂಪಿನ ಕೆಲಸ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ತೋಟಕ್ಕೆ ನೀರು ಹಾಯಿಸುವವರು ಯಾರು? ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತದೆ. ಗೆಳೆಯನೊಬ್ಬ ಹೇಳಿದ, ಮೊಬೈಲ್ ರೀಚಾರ್ಜ್ ಹಾಕು ಮಾರಾಯಾ, ಕೂತಲ್ಲೇ ದುಡ್ಡು ಅಂತ. ಹಾಕಿದೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಯ ಗಿರಾಕಿಗಳು ದಿನವಿಡೀ. ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಮೊಬೈಲು. ಆ ವರ್ಷ ಬೇಸಿಗೆಯಲ್ಲಿ ಒಂದು ಮೋಟಾರು ಎರಡೇ ದಿನಕ್ಕೆ ಹೊಗೆ ಎದ್ದು ವಾಪಸ್ ಬಂತು. ಬಿಚ್ಚಿ ಎಣಿಸಿದರೆ 78 ಇರಬೇಕಾದಲ್ಲಿ 68. ಸರಿಯಾಗಿ ಒಂದು ಗೋಟಡಿಕೆಯ ಲೆಕ್ಕ! ತಂತಿಯ ದುಡ್ಡು ನನ್ನ ಕೈಯಿಂದಲೇ ಹೋಯಿತು. ರೀಚಾರ್ಜ್ ಬೋರ್ಡು ಇಳಿಸಿದೆ.

ಹಾಗಂತ ಬೇರೆ ದಾರಿ ಹಿಡಿದವರೆಲ್ಲ ಕೆಟ್ಟರು ಅಂತ ತಿಳಿಯಬೇಡಿ. ಆ ಗೆಳೆಯ ಈಗ ದೊಡ್ಡ ಮೊಬೈಲ್ ಅಂಗಡಿ ಮಾಡಿದ್ದಾನೆ, ಮನೆಗೆ ಮಾಳಿಗೆ ಎಬ್ಬಿಸಿದ್ದಾನೆ. ಅವನಿಗೆ ಅದು ಹಿಡಿಸಿತು, ನನಗೆ ಎರಡು ದೋಣಿಯ ಮೇಲೆ ಕಾಲಿಡಲು ಬರಲಿಲ್ಲ. ಮಳೆಗಾಲಕ್ಕೆ ಫ್ಯಾನು, ಮಿಕ್ಸಿ ಹಿಡಿದುಕೊಂಡೆ. ತಗಡಿನ ಪೆಟ್ಟಿಗೆಯಲ್ಲಿ ದೊಡ್ಡ ಬಲ್ಬು ಹಾಕಿ ಕಾಯಿಲಿಗೆ ಹಚ್ಚಿದ ವಾರ್ನಿಷ್ ಒಣಗಿಸುವುದನ್ನು ಕಲಿತೆ. ನಮ್ಮ ಮಳೆಯಲ್ಲಿ ಅದು ಸುಮ್ನೆ ಇಟ್ಟರೆ ಒಣಗುವುದೇ ಇಲ್ಲ. ಆತುರ ಮಾಡಿ ಕೊಟ್ಟರೆ ತೇವ ಹಿಡಿದು ಮೋಟಾರಿನ ಹೊರಮೈಗೆ ಕರೆಂಟು ಬರುತ್ತದೆ. ಬಿಡುವಿದ್ದಾಗ ಬಿಚ್ಚಿದ ಒಂದೊಂದು ಮೋಟಾರಿನ ಲೆಕ್ಕವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಕಾಯಿಲು ಕೂರುವ ಸ್ಲಾಟು ಎಷ್ಟು, ಎಷ್ಟು ಸುತ್ತು, ತಂತಿಯ ಗೇಜು ಅಂದರೆ ದಪ್ಪ ಎಷ್ಟು. ಈಗ ಅಂಥ ನಾಲ್ಕು ಪುಸ್ತಕ ಇವೆ. ತಂತಿ ಪೂರ್ತಿ ಕರಗಿ ಮುದ್ದೆಯಾಗಿ ಎಣಿಸಲಾಗದ ಮೋಟಾರು ಬಂದರೆ ಬೇರೆ ಅಂಗಡಿಯವರೂ ನನಗೆ ಫೋನು ಮಾಡುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಹೆಸರು ಆದದ್ದು ಕೈಚಳಕದಿಂದಲ್ಲ, ಆ ಪುಸ್ತಕದಿಂದ.

ಇಷ್ಟೆಲ್ಲ ಆದ ಮೇಲೂ ಒಂದು ಪಂಪು ನನ್ನ ಸೊಕ್ಕು ಮುರಿಯಿತು.

2014ರ ಮಾರಿಕಾಂಬಾ ಜಾತ್ರೆಯ ಹೊತ್ತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರೆಲ್ಲ ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲಿ. ತೋಟಕ್ಕೆ ನೀರು ಬೇಕಾಗುವುದೂ ಅದೇ ಕಾಲಕ್ಕೆ. ಹುಲೇಕಲ್ ಕಡೆಯ ಹೆಗಡೇರೊಬ್ಬರು 1 ಎಚ್‌ಪಿ ಮೋನೋಬ್ಲಾಕ್ ಪಂಪು ತಂದರು, ಮೋಟಾರು ಪಂಪು ಒಟ್ಟಿಗೇ ಇರುವಂಥದ್ದು. ವೈಂಡಿಂಗ್ ಮಾಡಿ ಕೊಟ್ಟೆ. ಹನ್ನೆರಡು ದಿನಕ್ಕೆ ಸುಟ್ಟು ಬಂತು. ನನ್ನದೇ ತಪ್ಪಿರಬೇಕು ಅಂತ ಪುಕ್ಕಟೆ ಮಾಡಿಕೊಟ್ಟೆ. ಈ ಸಲ ಒಂದೊಂದು ಸುತ್ತನ್ನೂ ಎರಡೆರಡು ಸಲ ಎಣಿಸಿದ್ದೆ. ಒಂಬತ್ತೇ ದಿನ. ಹೆಗಡೇರು ಪಂಪನ್ನು ಬಾಗಿಲಲ್ಲಿ ಇಳಿಸಿ, "ತಮಾ, ಇದು ಮೂರನೇ ಸಲ ಹೊತ್ಗಂಡು ಬೈಂದಿ ಆನು. ಈಗೆಂತ ಹೇಳ್ತೆ?" ಅಂದರು.

ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು, ಬಿಚ್ಚಿದ ಮೋಟಾರನ್ನು ಮುಂದಿಟ್ಟುಕೊಂಡು ಕೂತೆ. ಜಾತ್ರೆಯ ಮೈಕು ಕೇಳುತ್ತಿತ್ತು. ಆಗ ಕಣ್ಣಿಗೆ ಬಿತ್ತು. ದಪ್ಪ ತಂತಿಯ ರನ್ನಿಂಗ್ ಕಾಯಿಲು ಹೊಳೆಯುತ್ತಿದೆ, ಸಣ್ಣ ತಂತಿಯ ಸ್ಟಾರ್ಟಿಂಗ್ ಕಾಯಿಲು ಮಾತ್ರ ಇದ್ದಿಲು. ಮೊದಲ ಎರಡು ಸಲವೂ ಹಾಗೇ ಇತ್ತು. ನಾನು ಎಣಿಕೆಯಲ್ಲಿ ಎಷ್ಟು ಮುಳುಗಿದ್ದೆನೆಂದರೆ ಸುಟ್ಟದ್ದು ಯಾವುದು ಅಂತ ನೋಡಿಯೇ ಇರಲಿಲ್ಲ.

ಸ್ಟಾರ್ಟಿಂಗ್ ಕಾಯಿಲಿನ ಕೆಲಸ ಶುರುವಿನ ಒಂದೆರಡು ಕ್ಷಣ ಮಾತ್ರ. ಮೋಟಾರು ಮುಕ್ಕಾಲು ಪಾಲು ಸ್ಪೀಡು ಹಿಡಿಯುತ್ತಿದ್ದಂತೆ ಒಳಗಿನ ಸ್ವಿಚ್ಚು ಟಕ್ ಅಂತ ಬಿಟ್ಟುಕೊಂಡು ಅದನ್ನು ಕಳಚುತ್ತದೆ. ನನ್ನ ಮೇಜಿನ ಮೇಲೆ ಆ ಟಕ್ ಪ್ರತಿ ಸಲವೂ ಕೇಳಿತ್ತು. ಹಾಗಾದರೆ ತೋಟದಲ್ಲಿ?

ಮೂರನೇ ಸಲ ಸುತ್ತಿ, ಪಂಪನ್ನು ಬೈಕಿನ ಹಿಂದೆ ಕಟ್ಟಿಕೊಂಡು ನಾನೇ ಹೋದೆ. ಮನೆ ಗುಡ್ಡದ ಮೇಲೆ, ತೋಟ ಕೆಳಗೆ ಹಳ್ಳದ ದಂಡೆಗೆ. ಮನೆಯ ಕರೆಂಟ್ ಮೀಟರಿನಿಂದ ಪಂಪಿಗೆ ಹೆಚ್ಚುಕಮ್ಮಿ 300 ಮೀಟರ್ ಸಪೂರ ಅಲ್ಯೂಮಿನಿಯಂ ವಯರು, ಮರದಿಂದ ಮರಕ್ಕೆ, ನಡುವೆ ಮೂರು ಗಂಟು. ಮನೆಯಲ್ಲಿ ವೋಲ್ಟೇಜು 210 ಇತ್ತು. ಕೆಳಗೆ ಪಂಪು ಹಾಕಿದ ಕೂಡಲೇ ವೋಲ್ಟ್ ಮೀಟರಿನ ಮುಳ್ಳು 140ಕ್ಕೆ ಬಂತು, ಅಲ್ಲೇ ನಿಂತಿತು. ವೋಲ್ಟೇಜು ಮೂರರಲ್ಲಿ ಎರಡು ಪಾಲಾದರೆ ಮೋಟಾರಿನ ಎಳೆಯುವ ಶಕ್ತಿ ಅರ್ಧಕ್ಕಿಂತ ಕಮ್ಮಿಯಾಗುತ್ತದೆ. ಪಂಪು ಗುಂಯ್ ಅನ್ನುತ್ತಾ ತಿಣುಕಿತು. ಟಕ್ ಮಾತ್ರ ಕೇಳಲಿಲ್ಲ. ಸ್ಪೀಡು ಹಿಡಿಯದೆ ಸ್ಟಾರ್ಟಿಂಗ್ ಕಾಯಿಲು ಕಳಚುತ್ತಲೇ ಇಲ್ಲ, ಅದಕ್ಕೇ ಅದು ಸುಡುತ್ತಿದ್ದದ್ದು. ಹತ್ತು ಎಣಿಸುವುದರೊಳಗೆ ಆಫ್ ಮಾಡಿದೆ.

ಹೆಗಡೇರು ದಪ್ಪ ವಯರು ತರಲು ಸುಲಭಕ್ಕೆ ಒಪ್ಪಲಿಲ್ಲ. ವೈಂಡಿಂಗಿನ ಹುಡುಗ ತನ್ನ ತಪ್ಪು ಮುಚ್ಚಿಕೊಳ್ಳಲು ಖರ್ಚು ಹಚ್ಚುತ್ತಿದ್ದಾನೆ ಅಂತಲೇ ಅವರ ಲೆಕ್ಕ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ವೋಲ್ಟ್ ಮೀಟರನ್ನು ಅವರ ಕೈಗೇ ಕೊಟ್ಟು, ಮೇಲೊಮ್ಮೆ ಕೆಳಗೊಮ್ಮೆ ನೋಡಿಸಿದೆ. ಎರಡು ಸಲ ಗುಡ್ಡ ಹತ್ತಿಳಿದರು. ಕೊನೆಗೆ, "ಆಸರಿಗೆ ಕುಡ್ದು ಹೋಗು" ಅಂತ ಕುಡಿಯಲು ಕರೆದರು. ವಾರದಲ್ಲಿ ವಯರು ಬದಲಾಯಿತು.

ಅಂದಿನಿಂದ ಯಾರೇ ಸುಟ್ಟ ಪಂಪು ತಂದರೂ ಮೀಟರಿನಿಂದ ಎಷ್ಟು ದೂರ, ವಯರು ಯಾವುದು ಅಂತ ಮೊದಲು ಕೇಳುತ್ತೇನೆ. ಈಗ ನನ್ನ ಸುತ್ತುವ ಯಂತ್ರಕ್ಕೆ ಸುತ್ತು ಎಣಿಸುವ ಡಿಜಿಟಲ್ ಮೀಟರ್ ಇದೆ. ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ. ತಾಮ್ರದ ತಂತಿ ಕಿಲೋಗೆ ಸಾವಿರ ರೂಪಾಯಿ ದಾಟಿ ಕೂತಿದೆ, ತಪ್ಪು ಮಾಡಿ ಕಲಿಯಿರಿ ಅಂತ ಅವರಿಗೆ ಹೇಳುವ ಧೈರ್ಯ ನನಗಿಲ್ಲ. ಮೊದಲು ಸುಟ್ಟದ್ದನ್ನು ಬಿಚ್ಚಲು ಕೊಡುತ್ತೇನೆ. ಏನು ಸುಟ್ಟಿದೆ ಅಂತ ಹೇಳಿದ ಮೇಲೇ ಎಣಿಕೆ.

ಹುಲೇಕಲ್ ಕಡೆಯ ಆ ಪಂಪು ಆಮೇಲೆ ಒಂದೇ ಸಲ ಅಂಗಡಿಗೆ ಬಂದಿದೆ, ಬೇರಿಂಗ್ ಬದಲಾಯಿಸಲು.