ಹಳೇ ಹಕ್ಕಿ ಚಿತ್ರ, ಹಳದಿ ಕಾಗದ, ನನ್ನ ಪ್ರಿಂಟ್

ಅಮೆರಿಕದ ಹಕ್ಕಿಗಳನ್ನೆಲ್ಲ ಚಿತ್ರಿಸಲು ಹೊರಟಿದ್ದ ಕಲಾವಿದ ಆಡುಬಾನ್ ಬರೆದ ಫ್ಲೆಮಿಂಗೋ ನೋಡಿದ್ದೀರಾ? ಕತ್ತು ಬಗ್ಗಿಸಿ ನಿಂತಿರುತ್ತದೆ. ಹಕ್ಕಿಗಳನ್ನು ನಿಜ ಅಳತೆಯಲ್ಲೇ ಬರೆಯುತ್ತೇನೆ ಅಂತ ಆತ ಹಟ ಹಿಡಿದಿದ್ದ, ಸುಮಾರು 39 ಇಂಚು ಉದ್ದ 26 ಇಂಚು ಅಗಲದ ಹಾಳೆಯಲ್ಲೂ ಆ ಹಕ್ಕಿ ನೆಟ್ಟಗೆ ನಿಂತರೆ ಜಾಗ ಸಾಲುತ್ತಿರಲಿಲ್ಲ. ಅದನ್ನೇ ಮೂಲ ಅಳತೆಯಲ್ಲಿ ಪ್ರಿಂಟ್ ಮಾಡಲು ಹೊರಟೆ.

1827ರಿಂದ 1838ರವರೆಗೆ ಬಂದ ಆತನ ‘ಬರ್ಡ್ಸ್ ಆಫ್ ಅಮೆರಿಕ’ ಪುಸ್ತಕದ 435 ಚಿತ್ರಗಳಿಗೆ ಈಗ ಕಾಪಿರೈಟ್ ಇಲ್ಲ, ಸ್ಕ್ಯಾನ್‌ಗಳು ಸಿಗುತ್ತವೆ. ಆದರೆ ಇಂಚಿಗೆ 300 ಪಿಕ್ಸೆಲ್ ಅಂದರೂ 7,800 × 11,700 ಬೇಕು. ಮೊದಲು ಸಿಕ್ಕಿದ್ದು ಅದರ ಕಾಲುಭಾಗವೂ ಇರಲಿಲ್ಲ. ಅದನ್ನೇ ಹಿಗ್ಗಿಸಿ, ಶಾರ್ಪ್ ಮಾಡಿ ನೋಡಿದೆ. ತಾಮ್ರದ ಫಲಕದಿಂದ ಬಂದ ಅಕ್ವಾಟಿಂಟ್‌ನ (ಫಲಕವನ್ನು ಆಮ್ಲದಿಂದ ಕೊರೆದು ನೆರಳು ಮೂಡಿಸುವ ಅಚ್ಚು) ನಯವಾದ ಕಣಗಳು ಮರಳು ಎರಚಿದ ಹಾಗಾದವು. ದೊಡ್ಡ ಸ್ಕ್ಯಾನ್ ಹುಡುಕಿದೆ, ಶಾರ್ಪ್ ಮಾಡೋದನ್ನು ಬಿಟ್ಟೆ.

ನಿಜವಾಗಿ ಎಡವಿದ್ದು ಕಾಗದದ ಬಣ್ಣದಲ್ಲಿ. ಹಳೇ ಹಾಳೆ ಹಳದಿಯಾಗಿದೆಯಲ್ಲ, ತೊಳೆದು ಬೆಳ್ಳಗೆ ಮಾಡೋಣ ಅಂತ ಹಿನ್ನೆಲೆಯನ್ನು ಪೂರ್ತಿ ಬಿಳಿ ಮಾಡಿದೆ. ಫ್ಲೆಮಿಂಗೋ ಪ್ಲಾಸ್ಟಿಕ್ ಆಟಿಕೆಯ ಥರ ಕಂಡಿತು! ಸರಿ, ಹಳದಿ ವಾಪಸ್ ಬರಲಿ ಅಂತ ಮೂಲ ಸ್ಕ್ಯಾನನ್ನೇ ಕೆನೆಬಣ್ಣದ ಹತ್ತಿ ಕಾಗದಕ್ಕೆ ಹಾಕಿದೆ. ಹಳದಿ ಮೇಲೆ ಹಳದಿ ಕೂತು, ಯಾರೋ ಚಹಾ ಚೆಲ್ಲಿದ ಹಾಗೆ. ಕೊನೆಗೆ ಹೊಳಪಿಲ್ಲದ, ತುಸು ಬಿಳಿ ಹತ್ತಿ ಕಾಗದ ತಗೊಂಡು, ಹಿನ್ನೆಲೆಯ ಹಳದಿಯನ್ನು ಅರ್ಧ ಮಾತ್ರ ಇಳಿಸಿದೆ. ಕಂದು ಚುಕ್ಕೆಗಳನ್ನು ತೆಗೆದೆ, ಫಲಕದ ಅಂಚು ಒತ್ತಿದ ಗೆರೆಯನ್ನು ಮಾತ್ರ ಮುಟ್ಟಲಿಲ್ಲ. ಅದೂ ಹೋದರೆ ಪೋಸ್ಟರ್ ಆಗಿಬಿಡುತ್ತದೆ, ಅಲ್ವಾ?

ಇಷ್ಟಾದರೂ ಪ್ರಿಂಟ್ ಕಪ್ಪಾಗಿ ಬರುತ್ತಿತ್ತು. ತಪ್ಪು ಪ್ರಿಂಟರ್‌ದಲ್ಲ, ನನ್ನ ಮಾನಿಟರ್‌ದು, ಬೆಳಕು ವಿಪರೀತ ಜಾಸ್ತಿ ಇಟ್ಟಿದ್ದೆ. ಮಾನಿಟರ್ ಕ್ಯಾಲಿಬ್ರೇಟ್ ಮಾಡಿ, ಅಂದರೆ ಬೆಳಕು, ಬಣ್ಣ ಸರಿಹೊಂದಿಸಿ, ಆ ಕಾಗದದ್ದೇ ಪ್ರೊಫೈಲ್ (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ತಿಳಿಸುವ ಫೈಲ್) ಹಾಕಿದ ಮೇಲೆ ಸರಿಹೋಯಿತು. ಆಮೇಲಿಂದ ಪೂರ್ತಿ ಹಾಳೆ ಸುಮ್ನೆ ಹಾಳು ಮಾಡೋದಿಲ್ಲ. ಕತ್ತು, ಕೊಕ್ಕು ಇರುವ ಒಂದು ಪಟ್ಟಿ ಮಾತ್ರ ಪ್ರಿಂಟ್ ಮಾಡಿ, ಒಣಗಿದ ಮೇಲೆ ಹಗಲು ಕಿಟಕಿ ಹತ್ತಿರ ಒಮ್ಮೆ, ರಾತ್ರಿ ದೀಪದಡಿ ಒಮ್ಮೆ ನೋಡುತ್ತೇನೆ. ಪಿಗ್ಮೆಂಟ್ ಇಂಕಿನ ಗುಲಾಬಿ ಎರಡೂ ಕಡೆ ಒಂದೇ ಥರ ಕಾಣೋದಿಲ್ಲ.

ಮುಂದೆ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್‌ನ ಹಮ್ಮಿಂಗ್‌ಬರ್ಡ್‌ ಚಿತ್ರಗಳಿಗೂ ಕೈ ಹಾಕಿದೆ. ಗರಿ ಮಿನುಗಲಿ ಅಂತ ಬಣ್ಣದ ಕೆಳಗೆ ಚಿನ್ನದ ರೇಕು ಅಂಟಿಸಿರುವ ಚಿತ್ರಗಳವು. ನನಗೆ ಸಿಕ್ಕ ಸ್ಕ್ಯಾನಿನಲ್ಲಿ ಆ ಜಾಗವೆಲ್ಲ ಮಂಕು ಕಂದು. ಎರಡು ವಾರ ಗುದ್ದಾಡಿ ಕೈಬಿಟ್ಟೆ.