ಕತ್ತಿ ಹಿಡಿದಿರುವುದು ಕೈಯಲ್ಲೇ ಅಲ್ವಾ?

"ಕತ್ತಿ ಹಿಡಿದಿರುವುದು ಕೈಯಲ್ಲೇ ಅಲ್ವಾ? ಹಾಗಾದ್ರೆ ಇದೂ ಕೈಯೇಟೇ!"

ಈ ಒಂದು ಮಾತಿಗೆ ನಮ್ಮ ಕಾರ್ಡ್ ಆಟ ಇಪ್ಪತ್ತು ನಿಮಿಷ ನಿಂತುಹೋಯಿತು. ಐದು ಜನ ಕೂತಿದ್ದೆವು. ಇಬ್ಬರು ಹೌದು ಅಂದರು, ಇಬ್ಬರು ಅಲ್ಲ ಅಂದರು. ಐದನೆಯವನು ನಾನು. ಎಲ್ಲರೂ ನನ್ನ ಮುಖ ನೋಡಿದರು. ಅಂದು ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ನಿಯಮ ಪುಸ್ತಕ ತೆಗೆದು ಕೂತೆ. ಕಾದಾಟದ ನಿಯಮಗಳನ್ನು ಬಿಡಿಸಿ ಓದುವ ಹುಚ್ಚು ನನಗೆ ಹತ್ತಿದ್ದು ಅಲ್ಲಿಂದ.

ಆಟದ ಹೆಸರು 'ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್'. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1994ರಲ್ಲಿ ಬೇರೆ ಹೆಸರಿನಲ್ಲಿ ಬಂತು, ಮರುವರ್ಷ ಈ ಹೆಸರು ಪಡೆಯಿತು. 2010ರಲ್ಲಿ ಹೊಸ ಕಾರ್ಡ್ ಬರುವುದು ನಿಂತಿತು. ಆಡುವವರು ಮಾತ್ರ ಬಿಡಲಿಲ್ಲ. 2018ರಿಂದ ಬ್ಲ್ಯಾಕ್ ಚಾಂಟ್ರಿ ಎಂಬ ಸಂಸ್ಥೆ ಅದನ್ನು ಮತ್ತೆ ಅಚ್ಚು ಮಾಡುತ್ತಿದೆ. ನಾಲ್ಕೈದು ಜನ ಸುತ್ತ ಕೂತು ಆಡುತ್ತಾರೆ. ಪ್ರತಿಯೊಬ್ಬರಿಗೂ 30 ಪೂಲ್, ಅಂದರೆ ಆಟದಲ್ಲಿ ಉಳಿಯಲು ಬೇಕಾದ ಅಂಕ, ಇರುತ್ತದೆ. ನಿಮ್ಮ ಎಡಗಡೆ ಕೂತವರು ನಿಮ್ಮ ಬೇಟೆ, ಬಲಗಡೆ ಕೂತವರು ನಿಮ್ಮನ್ನು ಬೇಟೆಯಾಡುವವರು. ನಿಮ್ಮ ವ್ಯಾಂಪೈರ್ ಏನೋ ಮಾಡಲು ಹೊರಡುತ್ತದೆ, ಇನ್ನೊಬ್ಬರ ವ್ಯಾಂಪೈರ್ ಅಡ್ಡ ಬರುತ್ತದೆ. ಆಗ ಕಾದಾಟ. ಜಗಳಗಳೆಲ್ಲ ಹುಟ್ಟುವುದೂ ಅಲ್ಲೇ.

ಕತ್ತಿಯ ವಿಷಯಕ್ಕೆ ಬರೋಣ. ಅಂದು ಒಬ್ಬರು 'ಇಮ್ಮಾರ್ಟಲ್ ಗ್ರ್ಯಾಪಲ್' ಹಾಕಿದ್ದರು. ಪೊಟೆನ್ಸ್ ಎಂಬ ಮೈಬಲದ ಶಕ್ತಿ ಇರುವ ವ್ಯಾಂಪೈರ್‌ಗಳ ಮೆಚ್ಚಿನ ಕಾರ್ಡ್ ಅದು. ಇಬ್ಬರೂ ಹತ್ತಿರದಲ್ಲಿರುವಾಗ, ಸ್ಟ್ರೈಕ್ (ಆ ಸುತ್ತಿನ ಏಟು ಅಥವಾ ನಡೆ) ಆರಿಸುವ ಮೊದಲು ಅದನ್ನು ಹಾಕಬೇಕು. ಹಾಕಿದರೆ ಆ ಸುತ್ತಿನಲ್ಲಿ ಇಬ್ಬರೂ ಹ್ಯಾಂಡ್ ಸ್ಟ್ರೈಕ್, ಅಂದರೆ ಕೈಯೇಟು, ಮಾತ್ರ ಮಾಡಬಹುದು. ಎದುರಾಳಿಯ ವ್ಯಾಂಪೈರ್ ಹತ್ತಿರ ಒಂದು ಕತ್ತಿ ಇತ್ತು, ಹತ್ತಿರದಿಂದ ಹೊಡೆಯುವ ಮೆಲೀ ಆಯುಧ. ಅದರ ಏಟು ವ್ಯಾಂಪೈರ್‌ನ ಬಲಕ್ಕೆ ಒಂದು ಸೇರಿಸಿದಷ್ಟು. ಬಲ ಬಳಸುತ್ತದೆ, ಕೈಯಲ್ಲಿ ಹಿಡಿದಿದೆ. ಹಾಗಾದರೆ ಅದು ಕೈಯೇಟಲ್ಲದೆ ಮತ್ತೇನು?

ಅಲ್ಲ, ಅದು ಕೈಯೇಟಲ್ಲ. ಆಟದಲ್ಲಿ 'ಹ್ಯಾಂಡ್ ಸ್ಟ್ರೈಕ್' ಎಂಬುದು ಮಾಮೂಲಿ ಮಾತಲ್ಲ, ಒಂದು ಹೆಸರು. ಬರಿಗೈಯಿಂದ ತನ್ನ ಬಲದಷ್ಟು ಹೊಡೆಯುವ ಏಟಿಗೆ ಇಟ್ಟ ಹೆಸರು. ಆಯುಧದಿಂದ ಹೊಡೆದರೆ ಅದು ಆಯುಧದ ಸ್ಟ್ರೈಕ್, ಲೆಕ್ಕದಲ್ಲಿ ಬಲ ಸೇರಿದ್ದರೂ ಸರಿ. ಗ್ರ್ಯಾಪಲ್ ಬಿದ್ದಾಗ ಕತ್ತಿ ಸುಮ್ನೆ ಸೊಂಟದಲ್ಲಿರಬೇಕು. ನಾವು ಇಪ್ಪತ್ತು ನಿಮಿಷ ವಾದ ಮಾಡಿದ್ದು 'ಕೈ' ಎಂಬ ದಿನಬಳಕೆಯ ಮಾತಿನ ಮೇಲೆ. ಕಾರ್ಡ್ ಮಾತಾಡುತ್ತಿದ್ದದ್ದು ಬೇರೆಯೇ.

ಅವತ್ತಿನಿಂದ ನಾನು ಕಾರ್ಡಿನ ಸಾಲನ್ನು ಇಡಿಯಾಗಿ ಓದುವುದು ಬಿಟ್ಟೆ. ಒಂದೊಂದೇ ಪದ ಎತ್ತಿಕೊಂಡು 'ಇದು ನಿಯಮ ಪುಸ್ತಕದ ಪದವೋ, ಮಾಮೂಲಿ ಪದವೋ' ಎಂದು ಕೇಳಿಕೊಳ್ಳುತ್ತೇನೆ. '.44 ಮ್ಯಾಗ್ನಮ್' ಎಂಬ ಪಿಸ್ತೂಲನ್ನೇ ನೋಡಿ. ದೂರದಿಂದಲೂ 2 ಡ್ಯಾಮೇಜ್ (ಪೆಟ್ಟು) ಕೊಡುತ್ತದೆ. ಜೊತೆಗೆ ದೂರವನ್ನು ಬದಲಿಸಿಕೊಳ್ಳುವ ಒಂದು ಮ್ಯಾನೂವರ್ ಕೊಡುತ್ತದೆ. ಅದು ಸಿಗುವುದು ಒಂದು ಕಾದಾಟಕ್ಕೆ ಒಂದು ಸಲ, ಒಂದು ಸುತ್ತಿಗೆ ಒಂದು ಸಲ ಅಲ್ಲ. ಯಾರಾದರೂ ಪ್ರೆಸ್ ಮಾಡಿ ಎರಡನೇ ಸುತ್ತಿಗೆ ಎಳೆದರೆ ಇಬ್ಬರೂ ಮತ್ತೆ ಹತ್ತಿರದಿಂದಲೇ ಶುರು ಮಾಡುತ್ತಾರೆ. ಪಿಸ್ತೂಲಿನ ಮ್ಯಾನೂವರ್ ಮೊದಲ ಸುತ್ತಿನಲ್ಲೇ ಖರ್ಚಾಗಿದ್ದರೆ ದೂರ ಸರಿಯಲು ಅದು ಮತ್ತೆ ನೆರವಾಗುವುದಿಲ್ಲ. ಆ ಒಂದು ಪದ ಓದದೆ ಪಿಸ್ತೂಲು ನಂಬಿದವರು ಎರಡನೇ ಸುತ್ತಿನಲ್ಲಿ ಗುದ್ದು ತಿಂದದ್ದನ್ನು ಬಹಳ ಸಲ ನೋಡಿದ್ದೇನೆ.

ಆದರೆ ಪದಕ್ಕಿಂತ ಜಾಸ್ತಿ ಗೊಂದಲ ಮಾಡುವುದು ಹೊತ್ತು. ಯಾವ ಹಂತದಲ್ಲಿದ್ದೇವೆ ಎಂಬುದು.

ಕಾದಾಟದ ಒಂದು ಸುತ್ತು ಹೀಗೆ ನಡೆಯುತ್ತದೆ: ಮೊದಲು ರೇಂಜ್ (ಹತ್ತಿರವೋ ದೂರವೋ) ನಿರ್ಧಾರಕ್ಕೆ ಮುಂಚಿನ ಹೊತ್ತು, ಆಮೇಲೆ ರೇಂಜ್, ಆಮೇಲೆ ಸ್ಟ್ರೈಕ್‌ಗೆ ಮುಂಚಿನ ಹೊತ್ತು, ಆಮೇಲೆ ಸ್ಟ್ರೈಕ್ ಆರಿಸಿ ಜಾರಿ ಮಾಡುವುದು, ಅದರ ಬೆನ್ನಿಗೆ ಡ್ಯಾಮೇಜ್ ತಡೆಯುವುದು, ವಾಸಿ ಮಾಡಿಕೊಳ್ಳುವುದು. ಹೆಚ್ಚುವರಿ ಸ್ಟ್ರೈಕ್ ಇದ್ದರೆ ಇನ್ನೊಂದು ಜೋಡಿ ಏಟು. ಕೊನೆಗೆ ಪ್ರೆಸ್. ಪ್ರತಿ ಹಂತದಲ್ಲೂ ಮೊದಲ ಅವಕಾಶ, ಯಾರ ವ್ಯಾಂಪೈರ್ ಕೆಲಸಕ್ಕೆ ಹೊರಟಿತ್ತೋ ಅವರದ್ದು. ಅವರು ಸಾಕು ಅಂದ ಮೇಲೆ ಎದುರಾಳಿಯದ್ದು. ಎದುರಾಳಿ ಏನಾದರೂ ಹಾಕಿದರೆ ಅವಕಾಶ ತಿರುಗಿ ಮೊದಲಿನವರಿಗೆ ಬರುತ್ತದೆ. ಎಲ್ಲರೂ ಸಾಲಾಗಿ ಸಾಕು ಅಂದಾಗ ಮಾತ್ರ ಆ ಹಂತ ಮುಗಿಯಿತು.

ಬೇರೆ ಕಾರ್ಡ್ ಆಟಗಳಿಂದ ಬಂದವರು ಇಲ್ಲೇ ಎಡವುತ್ತಾರೆ. ಅವರಿಗೆ ಒಂದು ಕಾರ್ಡಿನ ಮೇಲೆ ಇನ್ನೊಂದನ್ನು ಪೇರಿಸಿ, ಮೇಲಿನದನ್ನು ಮೊದಲು ಬಿಡಿಸುವ ಅಭ್ಯಾಸ. ಈ ಆಟದಲ್ಲಿ ಆ ಪೇರಿಸುವಿಕೆ ಇಲ್ಲ. 'ಅವರು ಗ್ರ್ಯಾಪಲ್ ಹಾಕಿದರು, ಅದಕ್ಕೆ ಉತ್ತರವಾಗಿ ನಾನು ಮೆಜೆಸ್ಟಿ ಹಾಕುತ್ತೇನೆ, ಕಾದಾಟ ಮುಗೀತು' ಎನ್ನುವುದು ನಾನು ಜಾಸ್ತಿ ಕೇಳಿರುವ ತಪ್ಪು. ಮೆಜೆಸ್ಟಿ ಕಾದಾಟವನ್ನೇ ಮುಗಿಸುವ ಒಂದು ಸ್ಟ್ರೈಕ್. ಸ್ಟ್ರೈಕ್ ಆರಿಸುವ ಹೊತ್ತಿನಲ್ಲೇ ಅದನ್ನು ಹಾಕಬೇಕು. ಗ್ರ್ಯಾಪಲ್ ಅದಕ್ಕಿಂತ ಒಂದು ಮೆಟ್ಟಿಲು ಮೊದಲೇ ಬಿದ್ದು, ಬಾಗಿಲು ಹಾಕಿಬಿಟ್ಟಿರುತ್ತದೆ. ಅದೇ ಗ್ರ್ಯಾಪಲ್ ಇಲ್ಲದಿದ್ದರೆ ಮೆಜೆಸ್ಟಿಯದ್ದೇ ಕೈ ಮೇಲು. ಕಾದಾಟ ಮುಗಿಸುವ ಸ್ಟ್ರೈಕ್ ಎಲ್ಲಕ್ಕಿಂತ ಮೊದಲು ಜಾರಿಯಾಗುತ್ತದೆ, ಎದುರಾಳಿಯದ್ದು ಮಾಮೂಲಿ ಏಟಿಗಿಂತ ಮೊದಲು ಬೀಳುವ 'ಫಸ್ಟ್ ಸ್ಟ್ರೈಕ್' ಆಗಿದ್ದರೂ ಕೂಡ.

ಹಾಗಾಗಿ ನಮ್ಮ ಮೇಜಿನಲ್ಲಿ ಒಂದು ರೂಢಿ ತಂದೆ. ಹಂತದ ಹೆಸರನ್ನು ಬಾಯಿಬಿಟ್ಟು ಹೇಳುವುದು. "ರೇಂಜ್‌ಗೆ ಮುಂಚೆ ಏನಾದ್ರೂ ಇದೆಯಾ?" "ಇಲ್ಲ." "ನಿಮ್ಮದು?" "ಇಲ್ಲ." "ಸರಿ, ಹತ್ತಿರವೋ ದೂರವೋ?" ಮೊದಮೊದಲು ಎಲ್ಲರಿಗೂ ಇದು ಬೇಸರ ಅನ್ನಿಸಿತು. ಎರಡು ವಾರದಲ್ಲಿ ಅಭ್ಯಾಸವಾಯಿತು. 'ನಾನು ಅದನ್ನು ಮೊದಲೇ ಹಾಕಬೇಕು ಅಂತಿದ್ದೆ' ಎಂಬ ಮಾತು ಮೇಜಿನಿಂದ ಮಾಯವಾಯಿತು.

ಈಗ ನನಗೆ ತುಂಬಾ ಪಾಠ ಕಲಿಸಿದ ಕಾದಾಟದ ಕತೆ. ಎದುರಿಗಿದ್ದದ್ದು ಗ್ಯಾಂಗ್ರೆಲ್ ಕುಲದ ವ್ಯಾಂಪೈರ್. ರೇಂಜ್‌ಗೆ ಮುಂಚೆ 'ಕ್ಯಾರಿಯನ್ ಕ್ರೋಸ್' ಹಾಕಿತು. ಕಾಗೆಗಳ ಹಿಂಡು ಪ್ರತಿ ಸುತ್ತಿನಲ್ಲೂ ಸ್ಟ್ರೈಕ್ ಜಾರಿಯಾಗುವ ಹೊತ್ತಿಗೆ ಬಂದು ಕುಕ್ಕುತ್ತದೆ. ಪ್ರಾಣಿಗಳನ್ನು ಆಳುವ ಅನಿಮಲಿಸಂ ಶಕ್ತಿ ಮೇಲ್ಮಟ್ಟದಲ್ಲಿದ್ದರೆ 2 ಡ್ಯಾಮೇಜ್. ಅದರ ಜೊತೆಗೆ ಮೈಯ ರೂಪ ಬದಲಿಸುವ ಪ್ರೋಟಿಯನ್ ಶಕ್ತಿ ಬಳಸಿ ಉಗುರು ಚಾಚಿತ್ತು. ಅಂದರೆ ಅದರ 1 ಡ್ಯಾಮೇಜಿನ ಕೈಯೇಟು ಅಗ್ರವೇಟೆಡ್. ನನ್ನ ವ್ಯಾಂಪೈರ್ ಮೇಲೆ ಉಳಿದಿದ್ದದ್ದು ಒಂದೇ ಒಂದು ರಕ್ತದ ಮಣಿ. ತಡೆಯುವ ಕಾರ್ಡ್ ಕೈಯಲ್ಲಿ ಇರಲಿಲ್ಲ.

ಮಾಮೂಲಿ ಡ್ಯಾಮೇಜ್ ಆದರೆ ಒಂದೊಂದು ಪಾಯಿಂಟಿಗೆ ಒಂದು ರಕ್ತ ಸುಟ್ಟು ವಾಸಿ ಮಾಡಿಕೊಳ್ಳಬಹುದು. ವಾಸಿ ಮಾಡಲು ರಕ್ತ ಸಾಲದಿದ್ದರೆ ವ್ಯಾಂಪೈರ್ ಗಾಯಗೊಂಡು ಟಾರ್ಪರ್‌ಗೆ ಹೋಗುತ್ತದೆ, ಅಂದರೆ ಸತ್ತಂತೆ ಬಿದ್ದಿರುತ್ತದೆ. ಅಗ್ರವೇಟೆಡ್ ಹಾಗಲ್ಲ. ಅದನ್ನು ವಾಸಿ ಮಾಡಲು ಬರುವುದಿಲ್ಲ. ಮೊದಲ ಪಾಯಿಂಟಿಗೇ ಗಾಯ. ಈಗಾಗಲೇ ಗಾಯಗೊಂಡ ವ್ಯಾಂಪೈರ್‌ಗೆ ಅದು ತಾಗಿದರೆ ಪ್ರತಿ ಪಾಯಿಂಟಿಗೆ ಒಂದು ರಕ್ತ ಸುಡಬೇಕು. ಇಲ್ಲದಿದ್ದರೆ ಬೂದಿ.

ನಾನು ಲೆಕ್ಕ ಹಾಕಿದೆ. ಉಗುರಿನ ಏಟು ಮೊದಲು, ಗಾಯವಾಯಿತು. ಆಮೇಲೆ ಕಾಗೆಗಳ ಎರಡು. ಒಂದಕ್ಕೆ ಇರುವ ರಕ್ತ ಸುಟ್ಟೆ. ಇನ್ನೊಂದು ವಾಸಿಯಾಗಲಿಲ್ಲ, ಆದರೆ ಹೇಗೂ ಗಾಯಗೊಂಡಾಗಿದೆ. ಟಾರ್ಪರ್‌ಗೆ ಹೋಗುತ್ತೇನೆ, 2 ರಕ್ತ ಖರ್ಚು ಮಾಡಿ ಇನ್ನೊಬ್ಬ ವ್ಯಾಂಪೈರ್‌ನಿಂದ ಎತ್ತಿಸಿಕೊಳ್ಳುತ್ತೇನೆ. ಸಮಾಧಾನದಿಂದ ಕಾರ್ಡ್ ತೆಗೆದು ಪಕ್ಕಕ್ಕೆ ಇಡಲು ಹೊರಟೆ.

ಎದುರಾಳಿ ನಿಲ್ಲಿಸಿದರು. "ಸ್ವಲ್ಪ ತಡೀರಿ. ಮೊದಲು ಮಾಮೂಲಿದು ನೋಡ್ಬೇಕು ಅಲ್ವಾ?"

ಅವರು ಹೇಳಿದ್ದೇ ಸರಿ. ಎರಡೂ ಬಗೆಯ ಡ್ಯಾಮೇಜ್ ಒಟ್ಟಿಗೆ ಬಂದಾಗ ಮಾಮೂಲಿಯದ್ದನ್ನು ಮೊದಲು ಮುಗಿಸಬೇಕು ಎಂದು ನಿಯಮವಿದೆ. ಹಾಗೆ ಮಾಡಿದರೆ ಕತೆ ಬೇರೆ. ಕಾಗೆಗಳ ಮೊದಲ ಪಾಯಿಂಟಿಗೆ ನನ್ನ ಒಂದು ರಕ್ತ ಹೋಯಿತು. ಎರಡನೆಯದಕ್ಕೆ ರಕ್ತವಿಲ್ಲ, ಗಾಯವಾಯಿತು. ಆಮೇಲೆ ಉಗುರು. ಗಾಯಗೊಂಡ ವ್ಯಾಂಪೈರ್, ಸುಡಲು ರಕ್ತವಿಲ್ಲ. ಬೂದಿ. ಅದೇ ಮೂರು ಪಾಯಿಂಟ್, ಅದೇ ಒಂದು ರಕ್ತ. ಎಣಿಸುವ ಸಾಲು ತಿರುಗಿದ್ದಕ್ಕೆ ನನ್ನ ದೊಡ್ಡ ವ್ಯಾಂಪೈರ್ ಆಟದಿಂದಲೇ ಹೋಯಿತು.

ಆ ರಾತ್ರಿ ನನ್ನನ್ನು ಕಾಡಿದ್ದು ವ್ಯಾಂಪೈರ್ ಹೋದದ್ದಲ್ಲ. ನಾನು ಬೇಕಂತ ಮೋಸ ಮಾಡಿರಲಿಲ್ಲ. ಆದರೂ ನನಗೆ ಒಳ್ಳೆಯದಾಗುವ ಸಾಲನ್ನೇ ಮನಸ್ಸು ತಾನಾಗಿ ಆರಿಸಿತ್ತು. ಅರ್ಥ ಎರಡಾಗುವ ಕಡೆ ಎಲ್ಲರ ಮನಸ್ಸೂ ಹೀಗೇ ಜಾರುತ್ತದೆ.

ಆಮೇಲೆ ಎರಡು ಬದಲಾವಣೆ ಮಾಡಿಕೊಂಡೆ. ಒಂದು, ಡ್ಯಾಮೇಜನ್ನು ಬಾಯಲ್ಲಿ ಎಣಿಸುವುದು ಬಿಟ್ಟೆ. ಬಿಳಿ ಮಣಿ ಮಾಮೂಲಿ, ಕಪ್ಪು ಮಣಿ ಅಗ್ರವೇಟೆಡ್. ಏಟು ಬಿದ್ದಷ್ಟು ಮಣಿಗಳನ್ನು ವ್ಯಾಂಪೈರ್ ಪಕ್ಕ ಇಡುತ್ತೇನೆ. ತಡೆಯುವುದಿದ್ದರೆ ಮೊದಲು ಆ ಮಣಿಗಳನ್ನು ತೆಗೆಯುತ್ತೇನೆ. ಉಳಿದದ್ದರಲ್ಲಿ ಬಿಳಿಯವನ್ನು ಒಂದೊಂದಾಗಿ, ಒಂದು ಬಿಳಿ ಮಣಿಗೆ ಒಂದು ಕೆಂಪು ರಕ್ತದ ಮಣಿ ಜೋಡಿಸಿ ಎತ್ತುತ್ತೇನೆ. ಕೆಂಪು ಮುಗಿದ ಮೇಲೂ ಬಿಳಿ ಉಳಿದಿದ್ದರೆ ಕಾರ್ಡನ್ನು ಸ್ವಲ್ಪ ಓರೆ ಮಾಡುತ್ತೇನೆ, ಗಾಯವಾಗಿದೆ ಎಂಬ ಗುರುತಿಗೆ. ಆಮೇಲೆಯೇ ಕಪ್ಪು ಮಣಿಗೆ ಕೈ ಹಾಕುವುದು. ಕಣ್ಣೆದುರಿಗೆ ನಡೆಯುವುದರಿಂದ ವಾದಕ್ಕೆ ಜಾಗವೇ ಇರುವುದಿಲ್ಲ. ಹೊಸಬರಿಗೆ ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಒಂದು ಸಲ ಹೀಗೆ ತೋರಿಸಿದರೆ ಸಾಕು.

ಇನ್ನೊಂದು, ಯಾರ ವ್ಯಾಂಪೈರ್ ಎಂದು ಹೇಳದೆ ಪ್ರಶ್ನೆ ಕೇಳುವುದು. 'ನನ್ನ ವ್ಯಾಂಪೈರ್ ಉಳಿಯುತ್ತಾ?' ಎಂದು ಕೇಳುವುದಿಲ್ಲ. 'ರಕ್ತ ಕದಿಯುವ ಸ್ಟ್ರೈಕ್ ಮತ್ತು ಗುಂಡೇಟು ಒಟ್ಟಿಗೆ ಬಿದ್ದರೆ ಯಾವುದು ಮೊದಲು?' ಎಂದು ಕೇಳುತ್ತೇನೆ. ಉತ್ತರ ಮೊದಲು ಬರಲಿ, ಯಾರಿಗೆ ಲಾಭ ಎಂಬುದು ಆಮೇಲೆ ಗೊತ್ತಾಗಲಿ. ನಾನೊಬ್ಬನೇ ಓದುವಾಗಲೂ ಪಕ್ಷ ಬದಲಿಸಿ ನೋಡುತ್ತೇನೆ. ಇದೇ ಕಾರ್ಡ್ ನನ್ನ ಮೇಲೆ ಬಿದ್ದಿದ್ದರೂ ಹೀಗೇ ಓದುತ್ತಿದ್ದೆನಾ?

ರಕ್ತ ಕದಿಯುವ ಆ ಪ್ರಶ್ನೆ ನಿಜಕ್ಕೂ ಬಂದದ್ದೇ. ಒಂದು ವ್ಯಾಂಪೈರ್ ತನ್ನ ಕಾರ್ಡಿನ ಖರ್ಚು ಕೊಟ್ಟ ಮೇಲೆ ರಕ್ತವಿಲ್ಲದೆ ನಿಂತಿತ್ತು. ಅದರ ಸ್ಟ್ರೈಕ್ ಎದುರಾಳಿಯಿಂದ 2 ರಕ್ತ ಕದಿಯುವುದು. ಎದುರಾಳಿಯದ್ದು 2 ಡ್ಯಾಮೇಜಿನ ಗುಂಡು. ಎರಡೂ ಒಂದೇ ಸಲಕ್ಕೆ ಜಾರಿ. ಖಾಲಿ ವ್ಯಾಂಪೈರ್ ಬಿದ್ದುಹೋಯಿತು ಎಂದೇ ಮೇಜಿನಲ್ಲಿ ಎಲ್ಲರೂ ಅಂದುಕೊಂಡರು. ಹಂತ ಹಂತವಾಗಿ ಇಟ್ಟು ನೋಡಿದರೆ ಹಾಗಲ್ಲ. ಕದಿಯುವುದು ಡ್ಯಾಮೇಜ್ ಅಲ್ಲ, ಅದು ಸ್ಟ್ರೈಕ್ ಜಾರಿಯಾದಾಗಲೇ ಆಗಿಹೋಗುತ್ತದೆ. ಗುಂಡಿನ ಡ್ಯಾಮೇಜ್ ವಾಸಿ ಮಾಡಿಕೊಳ್ಳುವುದು ಅದರ ಮುಂದಿನ ಹೆಜ್ಜೆ. ಅಷ್ಟೊತ್ತಿಗೆ ಕದ್ದ 2 ರಕ್ತ ಕೈ ಸೇರಿದೆ. ಅದನ್ನೇ ಸುಟ್ಟು ವ್ಯಾಂಪೈರ್ ನಿಂತೇ ಉಳಿಯಿತು. ಡ್ಯಾಮೇಜ್ ಅಲ್ಲದ ಕಾರಣ ಡ್ಯಾಮೇಜ್ ತಡೆಯುವ ಕಾರ್ಡಿನಿಂದ ಈ ಕಳ್ಳತನ ತಡೆಯುವುದಕ್ಕೂ ಆಗುವುದಿಲ್ಲ. ಈ ಉತ್ತರ ಸಿಕ್ಕಾಗ ಆದ ಖುಷಿ ಆಟ ಗೆದ್ದದ್ದಕ್ಕಿಂತ ದೊಡ್ಡದಿತ್ತು.

ಕಾಗೆಗಳ ವಿಷಯದಲ್ಲೂ ಇಂಥದ್ದೇ ಒಂದು ಎಳೆ ಇದೆ. ಡಾಡ್ಜ್ ಮಾಡಿದರೆ ಎದುರಾಳಿಯ ಸ್ಟ್ರೈಕ್ ತಪ್ಪುತ್ತದೆ. ಕಾಗೆ ತಪ್ಪುವುದಿಲ್ಲ, ಯಾಕೆಂದರೆ ಕಾಗೆಯ ಕುಕ್ಕು ಸ್ಟ್ರೈಕ್ ಅಲ್ಲ. ಸ್ಟ್ರೈಕ್ ನಡೆಯುವ ಹೊತ್ತಿಗೆ ಆಗುತ್ತದೆ, ಅಷ್ಟೇ. ಒಂದೇ ಹೊತ್ತಿಗೆ ಆಗುವ ಎರಡು ಸಂಗತಿಗಳು ಒಂದೇ ಸಂಗತಿಯಲ್ಲ.

ಕಾರ್ಡ್ ಮತ್ತು ನಿಯಮ ಪುಸ್ತಕ ಒಂದಕ್ಕೊಂದು ಎದುರಾದರೆ ಕಾರ್ಡಿನ ಮಾತೇ ನಡೆಯಬೇಕು. ಆದರೆ ಯಾವ ಕಾರ್ಡಿನ ಮಾತು? ಮೂವತ್ತು ವರ್ಷದ ಆಟ ಇದು. ಒಂದೇ ಕಾರ್ಡ್ ಬೇರೆ ಬೇರೆ ಅಚ್ಚಿನಲ್ಲಿ ಬೇರೆ ಬೇರೆ ಮಾತು ಹೇಳುತ್ತದೆ. ಬಳಸಿದ ಕಾರ್ಡನ್ನು ಅಡ್ಡ ತಿರುಗಿಸುವುದಕ್ಕೆ ಹಳೆಯದರಲ್ಲಿ 'ಟ್ಯಾಪ್' ಎಂದಿದ್ದದ್ದು ಹೊಸದರಲ್ಲಿ 'ಲಾಕ್' ಆಗಿದೆ. ಅದು ಹೆಸರಷ್ಟೇ, ತೊಂದರೆಯಿಲ್ಲ. ಕೆಲವು ಕಾರ್ಡ್‌ಗಳಲ್ಲಿ ಅರ್ಥವೇ ಬದಲಾಗಿದೆ. ಕೈಯಲ್ಲಿರುವ ಕಾರ್ಡ್ ಏನೇ ಹೇಳಲಿ, ಆಟಗಾರರ ಸಂಘಟನೆಯಾದ ವ್ಯಾಂಪೈರ್ ಎಲ್ಡರ್ ಕಿಂಡ್ರೆಡ್ ನೆಟ್‌ವರ್ಕ್ ಇಟ್ಟಿರುವ ಈಗಿನ ಅಧಿಕೃತ ಪಾಠವೇ ಲೆಕ್ಕ. ಹಳೆಯ ಕಾರ್ಡ್‌ಗಳನ್ನು ಪ್ರೀತಿಯಿಂದ ಆಡುವವನು ನಾನು. ಹಾಗಾಗಿ ಡೆಕ್ ಕಟ್ಟುವಾಗಲೇ ಪ್ರತಿ ಕಾದಾಟದ ಕಾರ್ಡಿನ ಈಗಿನ ಪಾಠ ಓದಿ, ಬೇರೆಯಾಗಿದ್ದರೆ ಚೀಟಿ ಬರೆದು ಕವರ್ ಒಳಗೆ, ಕಾರ್ಡಿನ ಮುಂದೆ ಸೇರಿಸುತ್ತೇನೆ. ಪಂದ್ಯಕ್ಕೆ ಹೋಗುವಾಗ ಚೀಟಿ ತೆಗೆದುಬಿಡುತ್ತೇನೆ. ಅಲ್ಲಿ ತೀರ್ಪುಗಾರರು ಇರುತ್ತಾರೆ, ಅವರು ಹೇಳಿದ್ದೇ ಕೊನೆ.

ಮನೆ ಆಟದಲ್ಲಿ ತೀರ್ಪುಗಾರರು ಇರುವುದಿಲ್ಲ. ಎಷ್ಟು ಹುಡುಕಿದರೂ ಕೂತಲ್ಲೇ ಉತ್ತರ ಸಿಗದ ಪ್ರಶ್ನೆ ಬಂದೇ ಬರುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ಹುಡುಕುವುದಿಲ್ಲ ಎಂದು ಮಾತಾಡಿಕೊಂಡಿದ್ದೇವೆ. ಅಷ್ಟರಲ್ಲಿ ಸಿಗದಿದ್ದರೆ, ಆ ಕಾದಾಟದಲ್ಲಿ ಇಲ್ಲದ ಮೂವರು ಕೈ ಎತ್ತಿ ತೀರ್ಮಾನ ಮಾಡುತ್ತಾರೆ. ಕಾದಾಡುತ್ತಿರುವ ಇಬ್ಬರಿಗೆ ಮತ ಇಲ್ಲ. ಆಟ ಮುಂದೆ ಹೋಗುತ್ತದೆ. ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆ ವಾರದಲ್ಲೇ ಸರಿ ಉತ್ತರ ಹುಡುಕಿ ಎಲ್ಲರಿಗೂ ತಿಳಿಸುವುದು ನನ್ನ ಕೆಲಸ. ಆವತ್ತಿನ ತೀರ್ಮಾನ ತಪ್ಪಾಗಿದ್ದರೂ ಮುಗಿದ ಆಟವನ್ನು ತಿರುಗಿ ತೆರೆಯುವುದಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗಲೂ ಆ ಕತ್ತಿಯ ಪ್ರಶ್ನೆ ಇದೆ. ಎದುರಿಗೆ ಕೆಂಪು ಪೆನ್ನಿನಲ್ಲಿ 'ಅಲ್ಲ' ಎಂದು ಬರೆದಿದ್ದೇನೆ. ಹೊಸಬರು ಯಾರಾದರೂ ಗ್ರ್ಯಾಪಲ್ ಎದುರು ಕತ್ತಿ ಎತ್ತಿದಾಗ ಆ ಪುಟ ತೆಗೆದು ಅವರ ಮುಂದಿಡುತ್ತೇನೆ.